ಅಜ್ಜಿಗೆ ನೀರು, ಅಮ್ಮನಿಗೆ ಡಬ್ಬಿ, ಡೆಂಟಿಸ್ಟ್‌ಗೆ ಹಲ್ಲು: ತುಮಕೂರಿನ ಒಂದು ಪ್ರಕರಣ

ಈ ಪ್ರಕರಣದಲ್ಲಿ ಮೊದಲು ಅನುಮಾನ ಬಂದಿದ್ದು ಅಜ್ಜಿಗೆ. ಅದೂ ನೀರಿನ ವಿಷಯಕ್ಕೆ. ತುಮಕೂರಿನಲ್ಲಿ ಹೇಮಾವತಿ ನೀರು ಎಲ್ಲ ಬಡಾವಣೆಗೂ ದಿನಾ ಬರುವುದಿಲ್ಲ. ಬಂದ ದಿನ ಸಂಪು ತುಂಬಿಸಿಕೊಂಡು, ಮೋಟಾರ್ ಹಾಕಿ ಟ್ಯಾಂಕಿಗೆ ಏರಿಸಿ, ಮುಂದಿನ ಸರದಿವರೆಗೆ ಸುಧಾರಿಸಬೇಕು. ಅಂಥ ಮನೆಯಲ್ಲಿ ಮೊಮ್ಮಗಳು ಊಟ ಮುಗಿದ ತಕ್ಷಣ ಬಾತ್‌ರೂಮಿಗೆ ಹೋಗಿ ಹತ್ತು ಹದಿನೈದು ನಿಮಿಷ ನಲ್ಲಿ ಬಿಟ್ಟುಕೊಂಡಿರುತ್ತಿದ್ದಳು. "ಕೈ ತೊಳ್ಯೋಕೆ ಅರ್ಧ ಟ್ಯಾಂಕ್ ಬೇಕೇನೇ?" ಅಂತ ಅಜ್ಜಿ ಹೊರಗಿನಿಂದ ಕೂಗುತ್ತಿದ್ದರು. ಆ ನೀರಿನ ಸದ್ದು ಇನ್ನೊಂದು ಸದ್ದನ್ನು ಮುಚ್ಚೋಕೆ ಅಂತ ಅವರಿಗೆ ಹೊಳೆಯಲಿಲ್ಲ.

ಅಮ್ಮನ ಕಣ್ಣಿಗೆ ಬಿದ್ದಿದ್ದು ಡಬ್ಬಿಗಳು. ಹಬ್ಬಕ್ಕೆ ಮಾಡಿಟ್ಟ ಚಕ್ಕುಲಿ, ಕೊಬ್ಬರಿ ಮಿಠಾಯಿ ಎರಡೇ ದಿನಕ್ಕೆ ಖಾಲಿ. ರಾತ್ರಿ ಉಳಿದ ಅನ್ನ ಬೆಳಗ್ಗೆ ಪಾತ್ರೆಯಲ್ಲಿ ಇರುತ್ತಿರಲಿಲ್ಲ. ಬೆಳೆಯೋ ಹುಡುಗ ತಿಂದಿರ್ತಾನೆ ಅಂತ ಮಗನ ಲೆಕ್ಕಕ್ಕೆ ಹಾಕಿದರು. ಅಪ್ಪನದು ದಿನಸಿ ಅಂಗಡಿ. ಬಿಸ್ಕತ್ತು, ಬನ್ನು, ಚಾಕೊಲೇಟಿನ ಸ್ಟಾಕು ಕಡಿಮೆ ಬೀಳುತ್ತಿತ್ತು. ಅವರು ಅಂಗಡಿ ಹುಡುಗನ ಮೇಲೆ ಅನುಮಾನ ಪಟ್ಟರು. ಊಟದ ವಿಷಯ ತೆಗೆದರೆ ಅಕ್ಕ ಸಿಡುಕ್ತಾಳೆ ಅನ್ನೋದು ತಮ್ಮನಿಗೆ ಗೊತ್ತಿತ್ತು. ಅವಳು ಕ್ಯಾಂಟೀನಿಗೆ ಬರೋದು ಬಿಟ್ಟಿದ್ದಾಳೆ ಅಂತ ಗೆಳತಿಯರಿಗೆ ಗೊತ್ತಿತ್ತು.

ಒಬ್ಬೊಬ್ಬರ ಹತ್ತಿರ ಒಂದೊಂದು ತುಂಡು. ಪ್ರತಿ ತುಂಡಿಗೂ ಒಂದು ಸುಲಭದ ಕಾರಣ ರೆಡಿ ಇತ್ತು. ಈಟಿಂಗ್ ಡಿಸಾರ್ಡರ್, ಅಂದ್ರೆ ತಿನ್ನೋ ರೀತಿಯೇ ಹದಗೆಡುವ ಮಾನಸಿಕ ಕಾಯಿಲೆ, ನಮ್ಮ ಮನೆಗಳಲ್ಲಿ ತಡವಾಗಿ ಗೊತ್ತಾಗೋದು ಬಹುಪಾಲು ಹೀಗೇ. ಚಿಹ್ನೆ ಎಲ್ಲರಿಗೂ ಕಂಡಿರುತ್ತೆ, ಕೂಡಿಸಿ ನೋಡಿದವರು ಇರುವುದಿಲ್ಲ.

ಹುಡುಗಿಗೆ ಆಗ 20 ವರ್ಷ. ಬಿ.ಕಾಂ ಕೊನೆಯ ವರ್ಷ. ನಾನು ಇದೇ ಊರಿನಲ್ಲಿ ಆಪ್ತ ಸಮಾಲೋಚಕಿ. ಮನೆಯವರ ಮತ್ತು ಅವಳ ಒಪ್ಪಿಗೆ ತಗೊಂಡು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ಅವಳ ತೂಕ ಎಷ್ಟಿತ್ತು, ಎಷ್ಟು ಇಳಿಯಿತು ಅನ್ನೋ ಕೆಜಿ ಲೆಕ್ಕ ಮಾತ್ರ ಇಲ್ಲಿ ಸಿಗುವುದಿಲ್ಲ. ಓದುವವರಲ್ಲಿ ಇದೇ ತೊಂದರೆ ಇರುವವರು ಆ ಅಂಕಿ ಹಿಡಿದುಕೊಂಡು ತಮಗೆ ಹೋಲಿಸಿಕೊಳ್ಳಲು ಶುರು ಮಾಡುತ್ತಾರೆ. ಒಂದು ಮಾತು ಹೇಳಿದರೆ ಸಾಕು: ನನ್ನ ಹತ್ತಿರ ಬಂದಾಗ ಅವಳ ತೂಕ ಎತ್ತರಕ್ಕೆ ಸರಿಯಾಗಿತ್ತು. ನೋಡಿದರೆ ಕಾಯಿಲೆ ಇರುವವಳ ಹಾಗೆ ಇರಲಿಲ್ಲ.

ಗ್ಯಾಸ್ಟ್ರಿಕ್, ಪಿಸಿಒಡಿ, ಮಂಗನಬಾವು

ಒಂದೂವರೆ ವರ್ಷದಲ್ಲಿ ಅವಳನ್ನು ಹಲವು ಕಡೆ ತೋರಿಸಿದ್ದರು. ಎದೆ ಉರಿ, ಗಂಟಲು ಕೆರೆತ ಅಂದಾಗ ಗ್ಯಾಸ್ಟ್ರಿಕ್ ಮಾತ್ರೆ. ಮುಟ್ಟು ಹಿಂದೆ ಮುಂದೆ ಆದಾಗ ಪಿಸಿಒಡಿ ಇರಬಹುದು ಅಂತ ಸ್ಕ್ಯಾನ್. ಸುಸ್ತು ಅಂದಾಗ ಥೈರಾಯ್ಡ್ ಟೆಸ್ಟ್, ಅದು ನಾರ್ಮಲ್. ಕಿವಿಯ ಕೆಳಗೆ ಎರಡೂ ಕಡೆ ಕೆನ್ನೆ ಊದಿಕೊಂಡಾಗ ಮಂಗನಬಾವು ಅಂದುಕೊಂಡರು. ಆದರೆ ಜ್ವರ ಇಲ್ಲ, ನೋವಿಲ್ಲ, ವಾರಗಟ್ಟಲೆ ಇಳಿಯಲೂ ಇಲ್ಲ. ಮನೆಯಲ್ಲಿ ದೃಷ್ಟಿ ತೆಗೆದಿದ್ದೂ ಆಯಿತು.

ಯಾವ ಡಾಕ್ಟರನ್ನೂ ಪೂರ್ತಿ ದೂರುವ ಹಾಗಿಲ್ಲ. ಅವಳು ವಾಂತಿ ವಿಷಯ ಯಾರಿಗೂ ಹೇಳಿರಲಿಲ್ಲ, ಅವರು ಕೇಳಿಯೂ ಇರಲಿಲ್ಲ. ಅಮ್ಮ ಪಕ್ಕದಲ್ಲೇ ಕೂತಿದ್ದರೆ ಯಾವ ಹುಡುಗಿ ಬಾಯಿ ಬಿಡ್ತಾಳೆ, ಹೇಳಿ?

ಗಂಟು ಬಿಚ್ಚಿದ್ದು ಡೆಂಟಿಸ್ಟ್. ತಣ್ಣೀರು ಕುಡಿದರೆ ಹಲ್ಲು ಜುಂ ಅನ್ನುತ್ತೆ ಅಂತ ಹೋಗಿದ್ದಳು. ಮೇಲಿನ ಮುಂದಿನ ಹಲ್ಲುಗಳ ಒಳಮೈ, ಅಂದ್ರೆ ನಾಲಿಗೆ ಕಡೆಯ ಭಾಗ, ನಯವಾಗಿ ಸವೆದು ಹೋಗಿತ್ತು. ಹೊರಮೈ ಚೆನ್ನಾಗೇ ಇತ್ತು. ಜೋರಾಗಿ ಬ್ರಷ್ ಮಾಡಿದರೆ ಸವೆಯೋದು ಹೊರಮೈ. ಒಳಗಿನಿಂದ ಈ ಥರ ಎನಾಮೆಲ್ ಕರಗಬೇಕಾದರೆ ಹೊಟ್ಟೆಯ ಆಸಿಡ್ ಮತ್ತೆ ಮತ್ತೆ ಬಾಯಿಗೆ ಬಂದಿರಬೇಕು. ಡೆಂಟಿಸ್ಟ್ ಅಮ್ಮನನ್ನು ಬಿಲ್ ಕೌಂಟರಿಗೆ ಕಳಿಸಿ, ಅವಳ ಹತ್ತಿರ ಮೆಲ್ಲಗೆ ಕೇಳಿದರಂತೆ: "ವಾಂತಿ ಆಗುತ್ತಾ, ಇಲ್ಲಾ ನೀನೇ ಮಾಡ್ಕೊಳ್ತೀಯಾ?" ಅವಳು ಉತ್ತರ ಕೊಡಲಿಲ್ಲ, ಅತ್ತಳು. ಮರುದಿನ ನನಗೆ ಫೋನ್ ಬಂತು.

ಇನ್ನೊಂದು ಗುರುತು ಅವಳ ಬಲಗೈ ಮೇಲೆ ಇತ್ತು. ಬೆರಳಿನ ಬುಡದ ಗೆಣ್ಣುಗಳ ಮೇಲೆ ಚರ್ಮ ಗಟ್ಟಿಯಾಗಿ ಕಪ್ಪಾಗಿತ್ತು. ಈಳಿಗೆಮಣೆಯಲ್ಲಿ ಕಾಯಿ ತುರಿಯುವಾಗ ತಾಗಿದ್ದು ಅಂತ ಮನೆಯಲ್ಲಿ ಹೇಳಿದ್ದಳು. ತುರಿಯುವಾಗ ತಾಗಿದರೆ ಬೆರಳ ತುದಿಗೆ ತಾಗುತ್ತೆ, ಬುಡಕ್ಕೆ ಯಾಕೆ ತಾಗುತ್ತೆ? ಅದು ವಾಂತಿ ಮಾಡಿಕೊಳ್ಳುವಾಗ ಕೈಗೆ ಹಲ್ಲು ಮತ್ತೆ ಮತ್ತೆ ತಾಗಿ ಆದ ಕಲೆ. ವೈದ್ಯರು ಇದನ್ನು ರಸೆಲ್ ಚಿಹ್ನೆ ಅಂತಾರೆ. ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ 1979ರಲ್ಲಿ ಬುಲಿಮಿಯಾ ನರ್ವೋಸಾ ಅನ್ನೋ ಹೆಸರಿಟ್ಟು, ಹಿಡಿತ ತಪ್ಪಿ ತಿಂದು ಆಮೇಲೆ ವಾಂತಿಯಂಥ ದಾರಿಯಲ್ಲಿ ಅದನ್ನು ಕಳೆಯುವ ಈ ಕಾಯಿಲೆಯನ್ನು ಮೊದಲು ವಿವರಿಸಿದರು. ಎಲ್ಲರಲ್ಲೂ ಈ ಕಲೆ ಇರುವುದಿಲ್ಲ. ಆದ್ದರಿಂದ ಕೈ ಚೆನ್ನಾಗಿದೆ, ತೊಂದರೆ ಇಲ್ಲ ಅಂತ ತೀರ್ಮಾನ ಮಾಡಬಾರದು.

ಶುರುವಾಗಿದ್ದು ಹೇಗೆ

ಅವಳ ಅಕ್ಕನ ಮದುವೆ ಆಯಿತು. ಆಲ್ಬಮ್ ಬಂತು. ನೆಂಟರೊಬ್ಬರು ಪುಟ ತಿರುಗಿಸುತ್ತಾ, "ಮುಂದಿನ ಸಲ ಇವಳದೇ ಅಲ್ವಾ? ಸ್ವಲ್ಪ ಇಳಿಸ್ಕೋ ಪುಟ್ಟಿ, ಫೋಟೋದಲ್ಲಿ ಮದುಮಗಳಿಗಿಂತ ನೀನೇ ಕಾಣ್ತೀಯ" ಅಂದರಂತೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಇದೊಂದೇ ಮಾತು ಕಾಯಿಲೆ ತಂತು ಅಂತ ನಾನು ಹೇಳುವುದಿಲ್ಲ. ಇಂಥ ಮಾತು ನಮ್ಮಲ್ಲಿ ಕೇಳದ ಹುಡುಗಿ ಇಲ್ಲ, ಎಲ್ಲರಿಗೂ ಬುಲಿಮಿಯಾ ಬರುವುದಿಲ್ಲ. ವಂಶದ ಪಾಲೂ ಇದೆ, ಸ್ವಭಾವದ ಪಾಲೂ ಇದೆ. ಎಲ್ಲದರಲ್ಲೂ ಫಸ್ಟ್ ಬರಬೇಕು, ತಪ್ಪಬಾರದು ಅನ್ನೋ ಸ್ವಭಾವ ಇವಳದು. ಅಂಥವರು ಡಯೆಟ್ ಶುರು ಮಾಡಿದರೆ ಅದರಲ್ಲೂ ಫಸ್ಟ್ ಬರೋಕೆ ನೋಡುತ್ತಾರೆ.

ಮೊದಲು ಸಂಜೆ ತಿಂಡಿ ಬಿಟ್ಟಳು. ಆಮೇಲೆ ಮುದ್ದೆ, ಆಮೇಲೆ ಅನ್ನ. ಸೋಮವಾರ ಉಪವಾಸ ಹಿಡಿದಳು, ಆಮೇಲೆ ಶನಿವಾರ, ಆಮೇಲೆ ಸಂಕಷ್ಟಿ. ಅಜ್ಜಿಗೆ ಖುಷಿಯೋ ಖುಷಿ, ಈ ಕಾಲದಲ್ಲೂ ಇಷ್ಟು ಭಕ್ತಿ ಅಂತ. ನಮ್ಮ ಕಡೆ ಊಟ ಬೇಡ ಅನ್ನೋಕೆ ದೇವರಿಗಿಂತ ಒಳ್ಳೆಯ ನೆಪ ಇಲ್ಲ, ಯಾರೂ ಪ್ರಶ್ನೆ ಮಾಡಲ್ಲ. ಉಪವಾಸವೇ ಕಾಯಿಲೆ ಅಂತ ಅರ್ಥ ಅಲ್ಲ. ವ್ರತಗಳು ಒಂದೊಂದಾಗಿ ಹೆಚ್ಚುತ್ತಾ ಹೋದರೆ, ಫಲಾಹಾರವೂ ಬೇಡ ಅಂದರೆ, ಉಪವಾಸ ತಪ್ಪಿದ ದಿನ ದೇವರ ಭಯಕ್ಕಿಂತ ತೂಕದ ಭಯ ಜಾಸ್ತಿ ಇದ್ದರೆ, ಆಗ ಗಮನಿಸಬೇಕು.

ನಾಲ್ಕು ತಿಂಗಳಲ್ಲಿ ಚೆನ್ನಾಗಿ ಇಳಿದಳು. ಕಾಲೇಜಿನಲ್ಲಿ, ಬೀದಿಯಲ್ಲಿ ಎಲ್ಲರೂ ಹೊಗಳಿದರು. ಆಮೇಲೆ ಒಂದು ರಾತ್ರಿ, ಉಪವಾಸದ ದಿನ, ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋದಳು. ಒಂದು ಚಕ್ಕುಲಿ ಅಂತ ಶುರುವಾಗಿದ್ದು ಡಬ್ಬಿ ತಳ ಕಾಣುವವರೆಗೂ ನಿಲ್ಲಲಿಲ್ಲ. "ನಾನು ತಿಂತಿದೀನಿ ಅನ್ನಿಸ್ತಿರ್ಲಿಲ್ಲ ಮೇಡಂ, ಕೈ ತಾನಾಗೇ ಹೋಗ್ತಿತ್ತು. ರುಚಿನೂ ಗೊತ್ತಾಗ್ಲಿಲ್ಲ" ಅಂದಳು. ಅವತ್ತೇ ಮೊದಲ ಸಲ ವಾಂತಿ ಮಾಡಿಕೊಂಡಿದ್ದು.

ಇದನ್ನು ಹೊಟ್ಟೆಬಾಕತನ ಅನ್ನಬೇಡಿ. 1944–45ರಲ್ಲಿ ಅಮೆರಿಕದ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವವರು 36 ಆರೋಗ್ಯವಂತ ಯುವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರು. ಯುದ್ಧದ ಕ್ಷಾಮದಲ್ಲಿ ಬಳಲಿದವರಿಗೆ ಹೇಗೆ ಊಟ ಕೊಡಬೇಕು ಅಂತ ತಿಳಿಯೋಕೆ ಮಾಡಿದ ಪ್ರಯೋಗ ಅದು. ಆ ಗಂಡಸರು ಹಗಲು ರಾತ್ರಿ ಊಟದ ಬಗ್ಗೆಯೇ ಮಾತಾಡಿದರು, ಅಡುಗೆ ಪುಸ್ತಕ ಓದಿದರು. ಊಟ ಸಿಕ್ಕಿದ ಮೇಲೆ ಕೆಲವರು ಹೊಟ್ಟೆ ಬಿರಿಯುವಷ್ಟು ತಿಂದರೂ ತೃಪ್ತಿ ಆಗಲಿಲ್ಲ ಅಂದರು. ಅವರ್ಯಾರೂ ತೆಳ್ಳಗಾಗಬೇಕು ಅಂತ ಬಂದವರಲ್ಲ. ದೇಹವನ್ನು ಹಸಿವಿನಲ್ಲಿಟ್ಟರೆ ಅದು ಬಾಕಿ ವಸೂಲಿಗೆ ಬಂದೇ ಬರುತ್ತೆ. ಇವಳ ವಿಷಯದಲ್ಲಿ ಅದು ರಾತ್ರಿ ಹೊತ್ತು ಬಂತು. ಬಂದಮೇಲೆ ನಾಚಿಕೆ, ಭಯ, ವಾಂತಿ. ಮರುದಿನ ಪ್ರಾಯಶ್ಚಿತ್ತ ಅಂತ ಇನ್ನೂ ಬಿಗಿ ಉಪವಾಸ. ಅದರಿಂದ ಮತ್ತೆ ಹಸಿವು, ಮತ್ತೆ ಡಬ್ಬಿ. ಭೇದಿ ಮಾತ್ರೆಯೂ ಸೇರಿಕೊಂಡಿತು. ಆ ಮಾತ್ರೆಯಿಂದ ಹೋಗುವುದು ಬಹುತೇಕ ನೀರು ಮತ್ತು ಲವಣ. ತಿಂದಿದ್ದು ಅಷ್ಟು ಹೊತ್ತಿಗೆ ದೇಹಕ್ಕೆ ಸೇರಿರುತ್ತೆ.

ಮೊದಲ ದಿನ ಅವಳು ಹೇಳಿದ್ದು

ಬಂದು ಕೂತವಳು ವಾಂತಿ ಬಗ್ಗೆ ಮಾತಾಡಲಿಲ್ಲ. ಅಂಗಡಿ ಹುಡುಗನ ಬಗ್ಗೆ ಮಾತಾಡಿದಳು. "ಅಪ್ಪ ಅವನನ್ನ ಕೆಲ್ಸದಿಂದ ತೆಗೀತಾರೆ ಮೇಡಂ. ಅವನು ಕದ್ದಿಲ್ಲ." ಅಂಗಡಿಯಿಂದ ಬ್ಯಾಗಿನಲ್ಲಿ ಬಿಸ್ಕತ್ತು ತಂದು ಬಟ್ಟೆ ಬೀರುವಿನಲ್ಲಿ ಇಡುತ್ತಿದ್ದವಳು ಅವಳೇ. ಒಂದೂವರೆ ವರ್ಷ ಮುಚ್ಚಿಟ್ಟಿದ್ದನ್ನು ಹೊರಗೆ ತಂದಿದ್ದು ಹಲ್ಲು ನೋವಿಗಿಂತ ಜಾಸ್ತಿ ಈ ಸಂಕಟ.

ನಾನು ಐದು ಪ್ರಶ್ನೆ ಕೇಳಿದೆ. 1999ರಲ್ಲಿ ಲಂಡನ್ನಿನಲ್ಲಿ ಮಾಡಿದ ಸ್ಕಾಫ್ ಅನ್ನೋ ಪಟ್ಟಿ ಅದು. ಕನ್ನಡದಲ್ಲಿ ನಾನು ಹೀಗೆ ಕೇಳುತ್ತೇನೆ. ಹೊಟ್ಟೆ ತುಂಬಿ ಹಿಂಸೆ ಆದಾಗ ಬೇಕಂತಲೇ ವಾಂತಿ ಮಾಡ್ಕೊಳ್ತೀಯಾ? ತಿನ್ನೋದು ಕೈ ಮೀರಿ ಹೋಗ್ತಿದೆ ಅನ್ನೋ ಚಿಂತೆ ಇದೆಯಾ? ಮೂರು ತಿಂಗಳಲ್ಲಿ ಆರು ಕೆಜಿಗಿಂತ ಜಾಸ್ತಿ ಇಳಿದಿದೀಯಾ? ಬೇರೆಯವರು ತೆಳ್ಳಗಿದೀಯ ಅಂದರೂ ದಪ್ಪ ಇದೀನಿ ಅನ್ಸುತ್ತಾ? ದಿನವೆಲ್ಲಾ ತಲೆಯಲ್ಲಿ ಊಟದ ವಿಷಯವೇ ಓಡುತ್ತಾ? ಎರಡಕ್ಕೆ ಹೌದು ಅಂದರೆ ಮುಂದೆ ವಿವರವಾಗಿ ನೋಡಬೇಕು. ಅವಳು ಮೂರಕ್ಕೆ ಹೌದು ಅಂದಳು. ಇದು ಜರಡಿ ಅಷ್ಟೇ, ಇದರಲ್ಲೇ ಕಾಯಿಲೆ ಇದೆ ಅಂತ ಬರೆಯಲು ಆಗುವುದಿಲ್ಲ. ಬದುಕು ಬೇಡ ಅನ್ನಿಸುತ್ತಾ ಅಂತಲೂ ನೇರವಾಗಿ ಕೇಳಿದೆ. ಈ ಕಾಯಿಲೆಗಳಲ್ಲಿ ಆ ಪ್ರಶ್ನೆ ಬಿಡುವ ಹಾಗಿಲ್ಲ.

ಯಾವ ಬಗೆ?

ಹೆಸರು ಯಾವುದು ಅನ್ನೋದು ಮುಖ್ಯ ಆಗೋದು ಚಿಕಿತ್ಸೆ ಬೇರೆ ಆಗುತ್ತೆ ಅನ್ನೋ ಕಾರಣಕ್ಕೆ. ಕಡಿಮೆ ಹೊತ್ತಿನಲ್ಲಿ, ಬೇರೆಯವರು ತಿನ್ನೋದಕ್ಕಿಂತ ತುಂಬಾ ಜಾಸ್ತಿ, ನಿಲ್ಲಿಸಲು ಆಗದ ಹಾಗೆ ತಿನ್ನೋದು. ಆಮೇಲೆ ಅದನ್ನು ಕಳೆಯೋಕೆ ವಾಂತಿ, ಭೇದಿ, ಉಪವಾಸ, ವಿಪರೀತ ವ್ಯಾಯಾಮ. ವಾರಕ್ಕೆ ಒಂದು ಸಲವಾದರೂ, ಮೂರು ತಿಂಗಳು. ತನ್ನ ಬೆಲೆಯೆಲ್ಲ ದೇಹದ ಆಕಾರದಲ್ಲಿದೆ ಅನ್ನೋ ಭಾವನೆ. ಇಷ್ಟಿದ್ದರೆ ಬುಲಿಮಿಯಾ. ಇವಳಿಗೆ ವಾರಕ್ಕೆ ನಾಲ್ಕೈದು ಸಲ ಆಗುತ್ತಿತ್ತು.

ಇದೇ ತಿನ್ನೋದು, ಇದೇ ವಾಂತಿ, ಊಟ ಬಿಟ್ಟು ಬಿಟ್ಟು ಸೊರಗುವ ಅನೊರೆಕ್ಸಿಯಾದ ಒಂದು ಬಗೆಯಲ್ಲೂ ಇರುತ್ತೆ. ಅಲ್ಲಿ ತೂಕ ತೀರಾ ಕೆಳಗೆ ಹೋಗಿರುತ್ತೆ, ಅದೇ ವ್ಯತ್ಯಾಸ. ಅನೊರೆಕ್ಸಿಯಾ ನರ್ವೋಸಾ ಅನ್ನೋ ಹೆಸರು ಹಳೆಯದು, 1870ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಗಲ್ ಕೊಟ್ಟಿದ್ದು. ಬೇಸಿಗೆಯಲ್ಲೂ ಸ್ವೆಟರ್ ಹಾಕ್ಕೊಳ್ಳುವಷ್ಟು ಚಳಿ, ಮೈಮೇಲೆ ನವಿರು ಕೂದಲು, ನಿಧಾನವಾದ ನಾಡಿ, ಮುಟ್ಟು ನಿಲ್ಲೋದು, ಟೊಳ್ಳಾಗುವ ಮೂಳೆ ಇದರ ಗುರುತು. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವ ಸಾಲಿನಲ್ಲಿ ಇದೂ ಇದೆ. ಒಂದು ಎಚ್ಚರಿಕೆ: ತುಂಬಾ ದಿನ ಹಸಿದು ಸೊರಗಿದ ಮಗುವಿಗೆ ಮನೆಯಲ್ಲಿ ಹಾಲು ತುಪ್ಪ ಸುರಿದು ವಾರದಲ್ಲಿ ಮೈತುಂಬಿಸಲು ಹೋಗಬೇಡಿ. ರಕ್ತದಲ್ಲಿ ಫಾಸ್ಫೇಟ್ ಅನ್ನೋ ಲವಣ ಕುಸಿದು ಹೃದಯಕ್ಕೆ ಅಪಾಯ ಆಗುತ್ತೆ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಾ, ಸ್ವಲ್ಪ ಸ್ವಲ್ಪವೇ ಏರಿಸಬೇಕು. ಇನ್ನೊಂದು ವಿಷಯ. ಎಲ್ಲರೂ "ದಪ್ಪ ಆಗ್ತೀನಿ" ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ ಇಂಥ ರೋಗಿಗಳ ಬಗ್ಗೆ ಬರೆದಿದ್ದಾರೆ. ನಮ್ಮಲ್ಲೂ "ಹೊಟ್ಟೆ ಉಬ್ಬರಿಸುತ್ತೆ, ಹಸಿವಿಲ್ಲ" ಅನ್ನುವವರೇ ಜಾಸ್ತಿ ಸಿಗುತ್ತಾರೆ. ಅವರು ಮೊದಲು ಹೋಗೋದು ಹೊಟ್ಟೆ ಡಾಕ್ಟರ ಹತ್ತಿರ.

ಹಾಗೆ ತಿಂದು ವಾಂತಿ ಗೀಂತಿ ಏನೂ ಮಾಡದೆ ನಾಚಿಕೆಯಲ್ಲೇ ಒದ್ದಾಡುವವರು ಬಿಂಜ್ ಈಟಿಂಗ್ ಡಿಸಾರ್ಡರ್‌ನವರು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಇದನ್ನು ಬೇರೆ ಕಾಯಿಲೆ ಅಂತ ಒಪ್ಪಿತು. ಅದೇ ವರ್ಷ ಆರ್ಫಿಡ್ ಕೂಡ ಸೇರಿತು: ಆಹಾರದ ವಾಸನೆ, ಮೆತ್ತಗಿರೋದು, ಗಂಟಲಿಗೆ ಸಿಕ್ಕಿಕೊಳ್ಳುವ ಭಯ ಇಂಥ ಕಾರಣಕ್ಕೆ ಊಟ ಬಿಡೋದು. ತೂಕದ ಚಿಂತೆ ಇದರಲ್ಲಿ ಇರುವುದಿಲ್ಲ. ಬಳಪ, ಮಣ್ಣು, ಹಸಿ ಅಕ್ಕಿ ತಿನ್ನೋ ಪೈಕಾ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಬಸುರಿ ಬಯಕೆ ಅಂತ ಸುಮ್ನೆ ಬಿಡುತ್ತಾರೆ. ಮೊದಲು ಹಿಮೋಗ್ಲೋಬಿನ್ ನೋಡಿಸಿ, ಕಬ್ಬಿಣದ ಅಂಶ ಕಡಿಮೆ ಇರುವುದು ಇದರಲ್ಲಿ ಮಾಮೂಲು. ಹುಡುಗರಿಗೂ ಇವೆಲ್ಲ ಬರುತ್ತವೆ. ಜಿಮ್ಮಿನ ಹೆಸರಿನಲ್ಲಿ ಮುಚ್ಚಿಹೋಗುತ್ತೆ ಅಷ್ಟೇ.

ರಕ್ತದ ವರದಿ

ಮಾತಿಗಿಂತ ಮೊದಲು ರಕ್ತ ಪರೀಕ್ಷೆ ಮತ್ತು ಇಸಿಜಿ ಮಾಡಿಸಲು ಕಳಿಸಿದೆ. ಪೊಟ್ಯಾಸಿಯಂ 3.0 ಇತ್ತು. 3.5ರಿಂದ 5ರ ನಡುವೆ ಇರಬೇಕು. ಅವಳ ಸುಸ್ತು, ಕಾಲು ಸೆಳೆತ, ಎದೆ ಢವಗುಟ್ಟೋದಕ್ಕೆ ಕಾರಣ ಸಿಕ್ಕಿತು. ವಾಂತಿ, ಭೇದಿಯಿಂದ ಪೊಟ್ಯಾಸಿಯಂ ಇನ್ನೂ ಇಳಿದಿದ್ದರೆ ಹೃದಯದ ಬಡಿತವೇ ತಪ್ಪಬಹುದಿತ್ತು, ತೂಕ ಎಷ್ಟೇ ಸರಿ ಇದ್ದರೂ. ಈ ವರದಿ ನೋಡಿದ ಮೇಲೆಯೇ ಅಪ್ಪ ಇದನ್ನು ಕಾಯಿಲೆ ಅಂತ ಒಪ್ಪಿದ್ದು. ಅಲ್ಲಿವರೆಗೂ "ಕೊಬ್ಬು, ಕಾಲೇಜಿಗೆ ಹೋಗಿ ಬಂದಿದ್ದು" ಅನ್ನುತ್ತಿದ್ದರು.

ಅವಳ ಒಪ್ಪಿಗೆ ತಗೊಂಡು ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿದೆ. ಒಬ್ಬೊಬ್ಬರು ತಾವು ಕಂಡಿದ್ದು ಹೇಳಿದರು. ನೀರು, ಡಬ್ಬಿ, ಸ್ಟಾಕು, ಸಿಡುಕು. ಅಜ್ಜಿ ಎಲ್ಲ ಕೇಳಿಸಿಕೊಂಡು, "ಅಯ್ಯೋ, ನಾನು ಹೊರಗೆ ನಿಂತು ನೀರಿಗೆ ಬೈತಿದ್ನಲ್ಲೇ ಕೂಸೆ" ಅಂದರು.

ಚಿಕಿತ್ಸೆ

ಮೊದಲ ಕೆಲಸ ವಾಂತಿ ನಿಲ್ಲಿಸೋದು ಅಲ್ಲ, ಹೊತ್ತಿಗೆ ಸರಿಯಾಗಿ ಊಟ ಮಾಡಿಸೋದು. ಮೂರು ಊಟ, ನಡುವೆ ಎರಡು ಮೂರು ಸಲ ತಿಂಡಿ, ನಾಲ್ಕು ಗಂಟೆಗಿಂತ ಜಾಸ್ತಿ ಖಾಲಿ ಹೊಟ್ಟೆ ಇಲ್ಲ. ಹಸಿವಿನ ಬಾಕಿ ಇಲ್ಲದಿದ್ದರೆ ರಾತ್ರಿಯ ವಸೂಲಿ ತಾನಾಗಿ ಕಡಿಮೆ ಆಗುತ್ತೆ. ಏನು ತಿಂದೆ, ಎಲ್ಲಿ, ಆಗ ಮನಸ್ಸು ಹೇಗಿತ್ತು ಅಂತ ಅವಳು ಆಗಿಂದಾಗಲೇ ಬರೆಯಬೇಕಿತ್ತು. ಕ್ಯಾಲೊರಿ ಬರೆಯುವ ಹಾಗಿಲ್ಲ, ಡಯೆಟ್ ಆಪ್ ಅಳಿಸಿದೆವು. ಆಕ್ಸ್‌ಫರ್ಡಿನ ಕ್ರಿಸ್ಟೊಫರ್ ಫೇರ್‌ಬರ್ನ್ ರೂಪಿಸಿದ ಮಾತಿನ ಚಿಕಿತ್ಸೆಯ ದಾರಿ ಇದು, ಸುಮಾರು 20 ವಾರದ್ದು. ಮನೋವೈದ್ಯರು ಫ್ಲುವಾಕ್ಸೆಟಿನ್ ಕೂಡ ಕೊಟ್ಟರು. ಬುಲಿಮಿಯಾಕ್ಕೆ ಅದರ ಪ್ರಮಾಣ ದಿನಕ್ಕೆ 60 ಮಿಲಿಗ್ರಾಂ. ಖಿನ್ನತೆಗೆ ಸಾಮಾನ್ಯವಾಗಿ 20ರಿಂದ ಶುರು ಮಾಡುತ್ತಾರೆ. ಡಾಕ್ಟರ್ ನೋಡದೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಮಾತ್ರೆ ಅಲ್ಲ.

ಡೆಂಟಿಸ್ಟ್ ಹೇಳಿದ್ದು ಎಲ್ಲರಿಗೂ ಗೊತ್ತಿರಲಿ: ವಾಂತಿ ಆದ ತಕ್ಷಣ ಹಲ್ಲುಜ್ಜಬಾರದು. ಆಸಿಡ್‌ನಿಂದ ಮೆತ್ತಗಾದ ಎನಾಮೆಲ್ ಬ್ರಷ್ಷಿಗೆ ಇನ್ನೂ ಸವೆಯುತ್ತೆ. ನೀರಿಗೆ ಸ್ವಲ್ಪ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿದರೆ ಸಾಕು.

ಕಷ್ಟ ಆಗಿದ್ದು ಉಪವಾಸ. ಇಷ್ಟು ದಿನ ಮಾಡಿ ಈಗ ಬಿಟ್ಟರೆ ದೇವರಿಗೆ ತಪ್ಪು ಅಂತ ಅವಳಿಗೂ ಅಳುಕು. ನಾನು ಹೇಳಿದರೆ ಕೇಳುವ ವಿಷಯ ಅಲ್ಲ ಅದು. ಅಜ್ಜಿಯೇ ದಾರಿ ಮಾಡಿದರು. "ನಿನ್ನ ಸೋಮವಾರ ನಾನು ಹಿಡೀತೀನಿ. ಶಿವ ಲೆಕ್ಕ ನೋಡ್ಕೋತಾನೆ. ನೀನು ಊಟ ಮಾಡು" ಅಂದರು. ಯಾವ ಥೆರಪಿ ಪುಸ್ತಕದಲ್ಲೂ ಇದು ಸಿಗಲ್ಲ.

ಮನೆಯವರಿಗೆ ಬಾತ್‌ರೂಮ್ ಬಾಗಿಲಲ್ಲಿ ಕಾವಲು ನಿಲ್ಲಬೇಡಿ ಅಂದಿದ್ದೆ. ಊಟ ಆದ ಮೇಲೆ ಒಂದು ಗಂಟೆ ಅವಳ ಜೊತೆ ಕೂತಿರಿ, ಟಿವಿ ನೋಡಿ, ಸೊಪ್ಪು ಬಿಡಿಸಿ. ದಪ್ಪ, ಸಣ್ಣ ಅನ್ನೋ ಮಾತು ಯಾರ ಬಗ್ಗೆಯೂ ಬೇಡ. ಹೊಗಳಿಕೆಯೂ ಬೇಡ. "ಮುಖ ತುಂಬ್ಕೊಂಡಿದೆ, ಚೆನ್ನಾಗ್ ಕಾಣ್ತೀಯ" ಅಂತ ಪ್ರೀತಿಯಿಂದ ಅಂದರೂ ಅವಳ ಕಿವಿಗೆ ಅದು ದಪ್ಪ ಆಗಿದೀಯ ಅಂತಲೇ ಬೀಳುತ್ತೆ.

ಹೆದರುವ ತಿಂಡಿಗಳ ಪಟ್ಟಿ ಮಾಡಿದೆವು. ಕಡಿಮೆ ಭಯದ್ದು ಕೆಳಗೆ, ಜಾಸ್ತಿ ಭಯದ್ದು ಮೇಲೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಮೇಲೆ ಬೆಣ್ಣೆ ಹಾಕಿದ್ದು, ನಡುವಿನಲ್ಲಿತ್ತು. ತಮ್ಮ ಸ್ಕೂಟಿಯಲ್ಲಿ ಕರೆದುಕೊಂಡು ಹೋದ. ಒಂದು ಇಡ್ಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅವನು ಅಷ್ಟರಲ್ಲಿ ಮೂರು ತಿಂದು, ಸುಮ್ಮನೆ ಕ್ರಿಕೆಟ್ ಬಗ್ಗೆ ಮಾತಾಡುತ್ತಾ ಕೂತಿದ್ದ. ವಾಪಸ್ ಬರುವಾಗ ಮೈದಾಳ ಕೆರೆ ಕಡೆ ಸುತ್ತಿಸಿಕೊಂಡು ಬಂದ, ಆ ಒಂದು ಗಂಟೆ ಕಳೆಯಲಿ ಅಂತ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ

ಯುಗಾದಿಗೆ ಮತ್ತೆ ಜಾರಿದಳು. ಮನೆ ತುಂಬ ನೆಂಟರು, ಒಬ್ಬಟ್ಟು, ಅದೇ ಆಲ್ಬಮ್ ನೆಂಟರೂ ಬಂದಿದ್ದರು. ರಾತ್ರಿ ತಿಂದಳು, ವಾಂತಿ ಮಾಡಿಕೊಂಡಳು. ಮರುದಿನ ಬೆಳಗ್ಗೆ ಅಮ್ಮನಿಗೆ ತಾನೇ ಹೇಳಿದಳು, ಕಾಫಿ ಕುಡಿದಳು, ತಿಂಡಿ ಬಿಡಲಿಲ್ಲ. ಜಾರಿದ ಮರುದಿನ ಉಪವಾಸ ಮಾಡದಿದ್ದರೆ ಅರ್ಧ ಚಕ್ರ ಅಲ್ಲೇ ಮುರಿಯಿತು ಅಂತ ನನ್ನ ಲೆಕ್ಕ.

ವರ್ಷ ಆಗುತ್ತಾ ಬಂತು. ಪೊಟ್ಯಾಸಿಯಂ ಸರಿಯಾಗಿದೆ, ಕೆನ್ನೆ ಊತ ಇಳಿದಿದೆ, ಮುಟ್ಟು ಸರಿಯಾಗಿ ಬರುತ್ತಿದೆ. ವಾಂತಿ ಪೂರ್ತಿ ನಿಂತಿದೆ ಅನ್ನೋಕೆ ಆಗಲ್ಲ, ಎರಡು ಮೂರು ತಿಂಗಳಿಗೆ ಒಮ್ಮೆ ಆಗುತ್ತೆ. ಕನ್ನಡಿ ಮುಂದಿನ ಜಗಳ ಇನ್ನೂ ಇದೆ. ಅಪ್ಪ ಅಂಗಡಿ ಹುಡುಗನಿಗೆ ಕಾರಣ ಹೇಳದೆ ಸಂಬಳ ಜಾಸ್ತಿ ಮಾಡಿದರು. ಮದುವೆ ಮಾತು ಸದ್ಯಕ್ಕೆ ಬೇಡ ಅಂತ ಅಮ್ಮ ಬ್ರೋಕರಿಗೆ ಹೇಳಿಬಿಟ್ಟಿದ್ದಾರೆ.

ನಿಮ್ಮ ಮನೆಯಲ್ಲಿ ಇಂಥ ತುಂಡುಗಳು ಕಂಡಿದ್ದರೆ ಕೇಳಲು ಜಾಗಗಳಿವೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ 14416 ನಂಬರಿನಲ್ಲಿ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ತೀರಾ ಇಳಿದು ಹೋದವರಿಗೆ ಬೆಂಗಳೂರಿನ ನಿಮ್ಹಾನ್ಸ್ 70 ಕಿಲೋಮೀಟರ್ ಆಸುಪಾಸಿನಲ್ಲಿದೆ. ತಲೆ ಸುತ್ತಿ ಬಿದ್ದರೆ, ಎದೆ ಬಡಿತ ತಪ್ಪಿದರೆ, ವಾಂತಿಯಲ್ಲಿ ರಕ್ತ ಕಂಡರೆ ಸಮಾಲೋಚನೆಗೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಡಾಕ್ಟರ ಹತ್ತಿರ ಹೋದಾಗ ಮಗಳನ್ನು ಹತ್ತು ನಿಮಿಷ ಒಬ್ಬಳೇ ಒಳಗೆ ಬಿಡಿ.